ತಂತಿಗೊಂದು ಅಂಗಿ

ನನ್ನ ಭಾವ ನಲವತ್ತು ವರ್ಷ ರೇಡಿಯೊ ರಿಪೇರಿ ಮಾಡಿದವರು. ಅಂಗಡಿ ಮುಚ್ಚಿದ ಮೇಲೂ ಸುಮ್ಮನೆ ಕೂರುವ ಜಾಯಮಾನ ಅವರದಲ್ಲ. ಊಟದ ಮೇಜಿನ ಅರ್ಧವನ್ನು ಆಕ್ರಮಿಸಿಕೊಂಡು ಆಟಿಕೆ ರೈಲು ಕಟ್ಟತೊಡಗಿದರು. ಎಂಟು ಬೋಗಿ, ಒಂದೊಂದೂ ಗೇಣುದ್ದ. ಪ್ರತಿ ಬೋಗಿಯ ಸೂರಿನೊಳಗೆ ಸಾಸಿವೆ ಕಾಳಿನಷ್ಟು ದೀಪಗಳು. ಅವಕ್ಕೆ ಕೂದಲೆಳೆಯಂಥ ತಂತಿಗಳು.

ತಂತಿಗಳನ್ನು ಬೆಸೆದ ಜಾಗ ಬರಿದಾಗಿ ಉಳಿದರೆ ಪಕ್ಕದ್ದಕ್ಕೆ ತಾಗಿ ಇಡೀ ರೈಲು ಕತ್ತಲಾಗುತ್ತದೆ. ಅದಕ್ಕೊಂದು ಹೊದಿಕೆ ಬೇಕು. ಭಾವ ಹಳೆಯ ಟೆಲಿಫೋನ್ ತಂತಿಯೊಳಗಿನ ತಾಮ್ರವನ್ನು ಎಳೆದು ತೆಗೆಯುವರು. ಉಳಿದ ಖಾಲಿ ಕೊಳವೆಯನ್ನು ನನ್ನ ಅಕ್ಕ ಭತ್ತದ ಕಾಳಿನುದ್ದಕ್ಕೆ ಕತ್ತರಿಸಿ ಡಬ್ಬಿಯ ಮುಚ್ಚಳಕ್ಕೆ ಹಾಕುವಳು. ಜನ್ಮವೆಲ್ಲ ಶಾಲಾ ಮಕ್ಕಳ ಸಮವಸ್ತ್ರ ಹೊಲಿದವಳು. ಆ ತುಣುಕಿಗೆ ಅಂಗಿ ಎಂದೇ ಹೆಸರಿಟ್ಟಳು. ಕಷ್ಟವಿದ್ದದ್ದು ಒಂದೇ. ಅಂಗಿಯನ್ನು ಬೆಸೆಯುವ ಮೊದಲೇ ತಂತಿಗೆ ಏರಿಸಿ ಪಕ್ಕಕ್ಕೆ ಸರಿಸಿಟ್ಟಿರಬೇಕು. ಬೆಸೆದ ಮೇಲೆ ನೆನಪಾದರೆ ತೊಡಿಸಲು ತುದಿಯೇ ಇರುವುದಿಲ್ಲ; ಕತ್ತರಿಸಿ ಮತ್ತೆ ಮೊದಲಿನಿಂದ ಶುರುಮಾಡಬೇಕು. ರೇಡಿಯೊ ಕಾಲದಿಂದಲೂ ಭಾವನಿಗೆ ಈ ಮರೆವು.

"ಅಂಗಿ ಹಾಕಿದ್ರಾ?" ಎಂದು ಅಕ್ಕ ಕೇಳುವಳು.

"ಹಾಕ್ದೆ ಕಣೇ. ನಾನೇನು ನಿನ್ನೆ ಕೆಲಸ ಕಲಿತವನಾ?"

"ಹಾಗಾದ್ರೆ ಮೇಜಿನ ಮೇಲೆ ಬಿದ್ದಿರೋದು ಯಾರ್ದು? ನಮ್ಮ ಮಾವನೋರ್ದಾ?"

ಆರು ಬೋಗಿಗಳು ಹೀಗೆ ಬೆಳಗಿದವು. ಏಳನೆಯದನ್ನು ಬಿಚ್ಚಿಟ್ಟಿದ್ದಾಗ ಅಕ್ಕನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತಿತು.

ಮಾತು ಕಲಿಸಲು ಬರುತ್ತಿದ್ದ ಹೆಣ್ಣುಮಗಳು ಬೆಕ್ಕು, ಬಟ್ಟಲುಗಳ ಚಿತ್ರ ತೋರಿಸಿದಳು. ಅಕ್ಕ ಗೋಡೆಯ ಕಡೆ ಮುಖ ತಿರುಗಿಸಿದಳು.

"ಅವರಿಗೆ ಹೇಳ್ಲೇಬೇಕು ಅನ್ಸೋ ಮಾತು ಯಾವ್ದಾದ್ರೂ ಇರುತ್ತೆ. ಅದನ್ನ ಹುಡುಕಿ ಸಾರ್," ಎಂದು ಭಾವನಿಗೆ ಹೇಳಿ ಹೋದಳು.

ಮರುದಿನವೇ ಭಾವ ಮೇಜನ್ನು ಮಂಚದ ಪಕ್ಕಕ್ಕೆ ಎಳೆದರು. ತಂತಿಯನ್ನು ಕ್ಲಿಪ್ಪಿಗೆ ಸಿಕ್ಕಿಸಿ, ಅಂಗಿಯನ್ನು ಎಡಮುಷ್ಟಿಯಲ್ಲಿ ಬಚ್ಚಿಟ್ಟು, ಮರೆತವರ ಹಾಗೆ ಸೋಲ್ಡರಿಂಗ್ ಐರನ್ನನ್ನು ಹತ್ತಿರ ತರುವರು. ಓರೆಗಣ್ಣು ಅಕ್ಕನ ಮೇಲೆ. ಅಕ್ಕ ಆ ಮುಷ್ಟಿಯನ್ನು ನೋಡಿ ಬಾಯಿಯ ಒಂದೇ ಕೊನೆಯಲ್ಲಿ ನಗುವಳು, ಅಷ್ಟೆ. ಎರಡು ತಿಂಗಳು ದಿನವೂ ಇದೇ ನಡೆಯಿತು.

"ಆ ಮಾತೂ ಅವಳಿಗೆ ಮರೆತುಹೋಗಿದೆ ಮೇಷ್ಟ್ರೇ," ಎಂದು ಒಮ್ಮೆ ಭಾವ ಶಾಲಾ ಮೇಷ್ಟ್ರಾದ ನನಗೆ ಹೇಳಿ ಕನ್ನಡಕ ಒರೆಸಿಕೊಂಡರು.

ಒಂದು ಮಧ್ಯಾಹ್ನ ನಾವಿಬ್ಬರೂ ಆಸ್ಪತ್ರೆಗೆ ಹೋಗಿದ್ದೆವು. ಡಾಕ್ಟರು ಕಾಗದಗಳನ್ನು ತಿರುವಿಹಾಕಿ, "ಇಷ್ಟು ದಿನ ಬರ್ದೇ ಇರೋ ಮಾತು ಇನ್ನು ಬರೋದು ಕಷ್ಟ. ಆಸೆ ಜಾಸ್ತಿ ಇಟ್ಕೋಬೇಡಿ," ಎಂದರು. ಮನೆಗೆ ಬಂದ ಭಾವ ಚಪ್ಪಲಿಯನ್ನೂ ಬಿಡದೆ ಮೇಜಿನೆದುರು ಕೂತರು. ಮುಷ್ಟಿ ಕಟ್ಟಲಿಲ್ಲ, ಮಂಚದ ಕಡೆ ನೋಡಲೂ ಇಲ್ಲ. ತಂತಿಯ ತುದಿ ಕೆರೆದರು, ಜೋಡಿಸಿದರು, ಬೆಸೆದರು. ಹೊಗೆಯ ಎಳೆಯೊಂದು ಎದ್ದಿತು.

"ಅಂ... ಅಂ..."

ನೀರು ಬೇಕೇನೋ ಎಂದು ನಾನು ಲೋಟಕ್ಕೆ ಕೈಹಾಕಿದೆ. ಅಕ್ಕ ಎಡಗೈಯಿಂದ ನನ್ನನ್ನು ಅತ್ತ ತಳ್ಳಿದಳು.

"ಅಂಗಿ!"

ಭಾವ ತಲೆಯೆತ್ತದೆ ಹುಡುಕಿದರು. ಅಂಗಿ ಡಬ್ಬಿಯ ಮುಚ್ಚಳದಲ್ಲೇ ಬಿದ್ದಿತ್ತು. "ಅಯ್ಯೋ, ಮರೆತೇಬಿಟ್ಟೆ ಕಣೇ," ಎಂದರು. ಕೇಳಿದ್ದೇನು ಎಂಬುದು ಆಮೇಲೆ ಹೊಳೆಯಿತು. ಐರನ್ನನ್ನು ಸ್ಟ್ಯಾಂಡಿನಲ್ಲಿಟ್ಟು ಮಂಚದ ಕಡೆ ತಿರುಗಿದರು.

ಅಕ್ಕ ಅವರ ಎಡಗೈಯನ್ನು ಎಳೆದುಕೊಂಡು ಅಂಗೈ ಬಿಡಿಸಿ ನೋಡಿದಳು. ಖಾಲಿ.

"ಇವತ್ತು... ನಿಜ."

"ಮತ್ತೆ ಇಷ್ಟು ದಿನ? ಗೊತ್ತಿದ್ದೂ ಸುಮ್ನಿದ್ಯಾ?"

"ನಾ...ಟಕ," ಎಂದಳು ಅಕ್ಕ. ಭಾವ ಅಳುತ್ತಲೇ ನಕ್ಕರು.

ಆ ಬೆಸುಗೆಯನ್ನು ಕತ್ತರಿಸಲು ಅವರಿಗೆ ಮನಸ್ಸೇ ಬರಲಿಲ್ಲ. ನೆನಪಿಗೆ ಹೀಗೇ ಇರಲಿ ಎಂದರು. ಅಕ್ಕ ಒಪ್ಪಲಿಲ್ಲ, ಕತ್ತರಿ ತೋರಿಸಿದಳು. ಹೊಲಿಗೆ ತಪ್ಪಿದರೆ ಬಿಚ್ಚಲೇಬೇಕು ಎಂಬುದು ಅವಳ ಹಳೆಯ ಕಟ್ಟುನಿಟ್ಟು.

ಈಗ ಎಂಟನೆಯ ಬೋಗಿಯ ಕೆಲಸ ನಡೆದಿದೆ. ಮಾತು ಪೂರ್ತಿ ಬಂದಿಲ್ಲ. ಮೂರು ಪದ ಕೂಡಿಸುವಷ್ಟರಲ್ಲಿ ಅಕ್ಕನ ಹಣೆ ಬೆವರುತ್ತದೆ. ಭಾವ ಈಗ ಅಂಗಿಯನ್ನು ಮೊದಲೇ ಏರಿಸಿಟ್ಟಿರುತ್ತಾರೆ, ಅದು ಅವಳಿಗೂ ಕಾಣುತ್ತಿರುತ್ತದೆ. ಆದರೂ ಪ್ರತಿ ಬೆಸುಗೆಗೂ ಕೇಳುತ್ತಾಳೆ.

"ಅಂಗಿ... ಹಾಕಿ..."

ಉಳಿದ ಅಕ್ಷರ ಬರುವವರೆಗೆ ಭಾವ ಐರನ್ನನ್ನು ಎತ್ತಿ ಹಿಡಿದುಕೊಂಡೇ ಕಾಯುತ್ತಾರೆ.