ನಾಲ್ಕನೇ ಕಂಪ್ಯೂಟರಿನಲ್ಲಿ ಇಟ್ಟುಹೋದ ಕಾಗದ

ನಾನು ಓದು ನಿಲ್ಲಿಸಿದ್ದು ೧೯೮೫ರಲ್ಲಿ, ಎಂಟನೇ ಕ್ಲಾಸಿಗೆ. ೨೦೦೭ರಲ್ಲಿ, ಇಪ್ಪತ್ತೆರಡು ವರ್ಷ ಕಳೆದ ಮೇಲೆ, ‘ನಾನು ಇಂಜಿನಿಯರಿಂಗ್ ಮೂರನೇ ವರ್ಷದ ವಿದ್ಯಾರ್ಥಿ’ ಎಂದು ಹೇಳಿಕೊಂಡು, ಕೆಳಗೆ ನನ್ನ ಹೆಸರು ಹಾಕಿ, ಮುಖ ಕಂಡಿರದ ಜನಕ್ಕೆ ಒಂದು ಕಾಗದ ಕಳಿಸಿದೆ. ಬರೀ ಸುಳ್ಳಾಗಿದ್ದರೆ ಅದು ನನ್ನ ಮಟ್ಟಿಗೆ ಮುಗಿಯುತ್ತಿತ್ತು. ಆದರೆ ಆ ಕಾಗದ ನನ್ನದಲ್ಲ — ಹೊಂಗನೂರಿನ ಭಾಗ್ಯ ಎಂಬ ಹುಡುಗಿ ಬರೆದು, ನೋಡಿಕೊಳ್ಳಿ ಎಂದು ನನಗೆ ಒಪ್ಪಿಸಿ ಹೋಗಿದ್ದದ್ದು. ಕದ್ದೆ. ಅವಳು ಬಂದು ಕೇಳಿದಾಗ, ಇಲ್ಲ ಎಂದೆ.

ನಮ್ಮದು ಚನ್ನಪಟ್ಟಣ. ಅಪ್ಪನದು ಗೊಂಬೆ ಕೆಲಸ. ಮರದ ಧೂಳು ಕುಡಿದು ಕುಡಿದು ಅಪ್ಪನಿಗೆ ಎದೆ ಕಟ್ಟಿಕೊಂಡ ವರ್ಷ ನಾನು ಶಾಲೆ ಬಿಟ್ಟು ಅವನ ಲೇತಿಗೆ ಕೂತೆ. ತಿರುಗುವ ಮರಕ್ಕೆ ಅರಗಿನ ಬಣ್ಣ ಒತ್ತಿ, ತಾಳೆಗರಿ ಹಿಡಿದು ಹೊಳಪು ಕೊಡುವ ಕೆಲಸ — ಹದಿನೆಂಟು ವರ್ಷ ಮಾಡಿದೆ. ಗೊಂಬೆ ನನ್ನದು, ಅದರ ಅಡಿಯ ಮೊಹರು ಮಾತ್ರ ಅಂಗಡಿಯವರದು. ಒಮ್ಮೆ ಬೆಂಗಳೂರಿನ ಒಂದು ಪ್ರದರ್ಶನದಲ್ಲಿ, ನಾನು ಮಾಡಿದ ಕುದುರೆಯ ಕತ್ತಿಗೆ ಬೇರೆ ಯಾರದೋ ಹೆಸರಿನ ಚೀಟಿ ತೂಗುವುದನ್ನು ಕಂಡು, ಊಟವನ್ನೂ ಮಾಡದೆ ಬಸ್ಸು ಹತ್ತಿ ಬಂದಿದ್ದೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ — ಕಳೆದುಕೊಂಡವರಿಗೆ ಹೇಗಾಗುತ್ತದೆ ಎಂದು ತಿಳಿಯದೆ ಮಾಡಿದವನಲ್ಲ ನಾನು.

ಆಮೇಲೆ ಪ್ಲಾಸ್ಟಿಕ್ ಗೊಂಬೆಗಳು ಬಂದವು. ಬಿಡದಿ ಕಡೆ ಒಂದೊಂದೇ ಕಾರ್ಖಾನೆ ಎದ್ದಿತು. ಲೇತಿನ ಹುಡುಗರು ಕಂಪನಿ ಬಸ್ಸು ಹತ್ತಿದರು, ಹೆಣ್ಣುಮಕ್ಕಳು ಗಾರ್ಮೆಂಟ್ಸ್ ವ್ಯಾನು ಹತ್ತಿದರು. ನಾನು ಯಾರ ಬಸ್ಸನ್ನೂ ಹತ್ತಲಿಲ್ಲ. ಟೈಪಿಂಗ್ ಕಲಿತೆ, ರಿಪೇರಿ ಕಲಿತೆ, ಬಸ್ ಸ್ಟ್ಯಾಂಡಿನ ಹಿಂದೆ ನಾಲ್ಕು ಕಂಪ್ಯೂಟರಿನ ಇಂಟರ್ನೆಟ್ ಸೆಂಟರ್ ಇಟ್ಟೆ. ಊರಿನ ಅರ್ಧ ಹುಡುಗರ ಬಯೋಡೇಟಾ ಟೈಪ್ ಮಾಡಿದ ಕೈ ಇದು. ಇಂಗ್ಲಿಷ್ ಓದಿದರೆ ತಿಳಿಯುತ್ತಿತ್ತು. ಸ್ವಂತ ಎರಡು ಸಾಲು ಬರೆಯಬೇಕೆಂದರೆ ಬೆರಳು ಏಳುತ್ತಿರಲಿಲ್ಲ. ಬಂದವರ ಹೆಸರು, ಊರು, ಹೊತ್ತು ಎಲ್ಲವನ್ನೂ ರಿಜಿಸ್ಟರಿನಲ್ಲಿ ಬರೆಸಬೇಕೆಂದು ಪೊಲೀಸಿನವರ ತಾಕೀತು ಇತ್ತು. ಬರೆಸುತ್ತಿದ್ದೆ, ಒಂದು ಸಾಲೂ ಬಿಡದೆ.

ಭಾಗ್ಯ ರಾಮನಗರದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಳು. ಕಾಲೇಜು ಮುಗಿಸಿ, ಹೊಂಗನೂರಿನ ಬಸ್ಸು ಬರುವತನಕ ನನ್ನ ನಾಲ್ಕನೇ ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ಮಿಕ್ಕ ಹುಡುಗರು ‘ಪುಟ್ಟಣ್ಣಾ, ಪ್ರಿಂಟು’ ಎಂದು ಕೈ ಚಾಚುವವರೇ. ಇವಳು ಮಾತ್ರ ತಾನು ನೋಡುತ್ತಿದ್ದುದನ್ನು ನನಗೂ ತಿರುಗಿಸಿ ತೋರಿಸುವಳು.

“ಇದು ಆಸ್ಪತ್ರೆ ಸಾಫ್ಟ್‌ವೇರು ಕಣಣ್ಣ. ಯಾರ್ದೂ ಅಲ್ಲ, ಎಲ್ಲಾರ್ದೂವೆ. ಒಳಗಿನ ಕೋಡೆಲ್ಲ ಬಿಚ್ಚಿಟ್ಟವ್ರೆ. ಯಾರು ಬೇಕಾದ್ರೂ ನೋಡಿ ರಿಪೇರಿ ಮಾಡ್ಬೋದು.”

ಪಕ್ಕದ ಕುರ್ಚಿಯಲ್ಲಿ ಇಲಿಯಾಸ್ ಕೂತಿದ್ದ — ಎಂಟನೇ ಕ್ಲಾಸಿನವರೆಗೂ ನನ್ನ ಬೆಂಚಿನವನು, ಈಗಲೂ ಲೇತು ಬಿಡದವನು, ಗೊಂಬೆಯ ಫೋಟೋ ಕಳಿಸಲು ಬರುತ್ತಿದ್ದ. “ಬಿಟ್ಟಿ ರಿಪೇರಿ ಮಾಡೋ ಜನ ಅವ್ರೆ ಅಂದ್ರೆ ನಮ್ಮನೆ ಟೀವೀನೂ ಒಸಿ ನೋಡಕ್ಕೇಳವ್ವ” ಎಂದ. ಅವಳು ನಕ್ಕಳು. “ಟೀವಿ ನೋಡಲ್ಲ ಸಾಬ್ರೇ. ನಿಮ್ಮ ಬಿಪಿ ನೋಡ್ತಾರೆ.”

ಆ ಸಾಫ್ಟ್‌ವೇರು ಕಟ್ಟುವವರ ಬಳಗಕ್ಕೆ ಸೇರಲು ಒಂದು ಪದ್ಧತಿ ಇತ್ತು. ಮೊದಲು ಎಲ್ಲರಿಗೂ ಹೋಗುವ ಒಂದು ಮೇಲ್‌ನಲ್ಲಿ ತಮ್ಮ ಪರಿಚಯ ಹೇಳಿಕೊಳ್ಳಬೇಕು — ಹೆಸರು, ಊರು, ಏನು ಓದುತ್ತಿದ್ದೀರಿ, ಯಾಕೆ ಬಂದಿರಿ. ಹಾಗೆ ಹೇಳಿಕೊಂಡ ವಿದ್ಯಾರ್ಥಿಗಳಲ್ಲಿ ಕೆಲವರನ್ನು ಆರಿಸಿ, ಬೇಸಿಗೆಯ ಮೂರು ತಿಂಗಳು ಅನುಭವಸ್ಥರೊಬ್ಬರ ಕೈಕೆಳಗೆ ಕೆಲಸ ಕಲಿಸುತ್ತಿದ್ದರು. ಭಾಗ್ಯಳಿಗೆ ಬೇಕಾಗಿದ್ದದ್ದು ಅದು. ಯಾವ ಯಾವುದೋ ದೇಶದ ಹುಡುಗರು ಬರೆದ ಪರಿಚಯಗಳನ್ನು ಅವಳು ಓದುತ್ತಿದ್ದಳು. ಅವಳು ಹೋದ ಮೇಲೆ ನಾನು ಓದುತ್ತಿದ್ದೆ. ಹೆಸರಾದ ಕೂಡಲೇ ಎರಡನೇ ಸಾಲಿಗೆ ಎಲ್ಲರದೂ ಕಾಲೇಜು. ಎರಡನೇ ಸಾಲಿಗೆ ನಾನು ಏನು ಬರೆಯಲಿ — ಎಂದು ಸುಮ್ಮನೆ ಯೋಚಿಸುತ್ತಿದ್ದೆ. ಮೊದಮೊದಲು ಸುಮ್ಮನೆಯೇ.

ಒಂದು ಸಂಜೆ ಅವಳು ತನ್ನ ಪರಿಚಯ ಬರೆದು ಮುಗಿಸಿದಳು. ಕಳಿಸಲಿಲ್ಲ. ಒಂದು ಪ್ರಿಂಟು ತೆಗೆದುಕೊಂಡು, ಕಾಲೇಜಿನ ಮೇಡಂ ಒಬ್ಬರಿಗೆ ತೋರಿಸಿ ತಿದ್ದಿಸಬೇಕು ಎಂದಳು. ಅಷ್ಟರಲ್ಲಿ ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದಿದ್ದವು. ಹುಳು ಸಾಕಿದವರಿಗೆ ಗೊತ್ತು: ಈ ಜ್ವರದಲ್ಲಿ ಕೊನೆಯ ಸಲ ಪೊರೆ ಬಿಟ್ಟ ಮೇಲೆ ಅವುಗಳ ಹಸಿವಿಗೆ ಹಗಲಿಲ್ಲ, ಇರುಳಿಲ್ಲ, ಮನೆಮಂದಿಯೆಲ್ಲ ಸೊಪ್ಪಿನ ಹಿಂದೆ.

“ಗೂಡು ಕಟ್ಟಾಕೆ ಹುಳ ಚಂದ್ರಿಕೆಗೆ ಬಿಡೋಗಂಟ ನಾನು ಬರಾಕಾಗಕಿಲ್ಲ ಅಣ್ಣ. ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕುದ್ಮೇಲೆ ಬಂದು ಕಳಿಸ್ತೀನಿ. ಇಲ್ಲೇ ಇರ್ಲಿ ಇದು. ಯಾರೂ ಅಳಿಸ್ದಂಗೆ ನೋಡ್ಕೊಳಿ.”

“ನಾನಿಲ್ವೇನವ್ವ, ಹೋಗು” ಎಂದೆ.

ಮೂರು ದಿನ ನೋಡಿಕೊಂಡೆ. ನಾಲ್ಕನೇ ದಿನ ಮಧ್ಯಾಹ್ನ, ಅಂಗಡಿ ಖಾಲಿಯಿದ್ದಾಗ, ತೆರೆದು ಓದಿದೆ.

ಎಷ್ಟು ನೆಟ್ಟಗೆ ಬರೆದಿದ್ದಳು! ಅವಳ ಅಜ್ಜಿ ಶಿವಮ್ಮ. ಅವರು ಹೋಗುತ್ತಿದ್ದ ಆಸ್ಪತ್ರೆಗೆ ಹೊಸದಾಗಿ ಕಂಪ್ಯೂಟರ್ ಬಂದಿತ್ತು. ಚೀಟಿ ಬರೆಯುವವನು ವಯಸ್ಸು ಕೇಳಿದರೆ ನಮ್ಮ ಕಡೆಯ ಮುದುಕಿಯರು ಏನು ಹೇಳುತ್ತಾರೆ? ‘ಅರವತ್ತು ಅಂತ ಬರ್ಕೊಳಪ್ಪ.’ ಐವತ್ತೈದಾದರೂ ಅರವತ್ತು, ಎಪ್ಪತ್ತಾದರೂ ಅರವತ್ತು. ಅದೇ ಕಡೆಯ ಇನ್ನೊಬ್ಬ ಶಿವಮ್ಮನೂ ಅರವತ್ತು ಎಂದಿದ್ದಳು. ಹೆಸರು ಒಂದೇ, ವಯಸ್ಸು ಒಂದೇ — ಕಂಪ್ಯೂಟರ್ ಇಬ್ಬರನ್ನೂ ಒಬ್ಬಳನ್ನಾಗಿ ಮಾಡಿಬಿಟ್ಟಿತು. ಆ ಶಿವಮ್ಮನ ಸಕ್ಕರೆ ಕಾಯಿಲೆಯ ಮಾತ್ರೆ ಈ ಶಿವಮ್ಮನ ಕೈಗೆ ಬಂತು. ಹಿಪ್ಪುನೇರಳೆ ತೋಟದಲ್ಲಿ ಅಜ್ಜಿ ಎಚ್ಚರ ತಪ್ಪಿ ಬಿದ್ದಿದ್ದನ್ನು ಮೊದಲು ಕಂಡವಳು ಭಾಗ್ಯ. ‘ಇಬ್ಬರು ಶಿವಮ್ಮಂದಿರನ್ನು ಇಬ್ಬರಾಗಿಯೇ ಉಳಿಸುವುದನ್ನು ಕಲಿಯಲು ಬಂದಿದ್ದೇನೆ’ — ಹೀಗೆ ಮುಗಿದಿತ್ತು ಅವಳ ಪರಿಚಯ.

ಅಂಥ ಕಾಗದವನ್ನು ನಾನು ಎಂದೂ ಬರೆಯಲಾರೆ ಎನ್ನಿಸಿತು. ಅದು ನಿಜವಾಗಿತ್ತು. ಅಲ್ಲಿಗೇ ನಿಲ್ಲಬೇಕಿತ್ತು —

ನಿಲ್ಲಲಿಲ್ಲ. ಇನ್ನೊಂದು ಪ್ರತಿ ಮಾಡಿಕೊಂಡು ಅದರಲ್ಲಿ ಅವಳ ಹೆಸರು ಅಳಿಸಿದೆ. ಊರಲ್ಲಿ ನಾನು ಎಲ್ಲರಿಗೂ ಪುಟ್ಟಣ್ಣ. ಆದರೆ ಶಾಲೆಗೆ ಸೇರಿಸಿದಾಗ ಮೇಷ್ಟ್ರು ಬರೆದ ಹೆಸರು ಕೃಷ್ಣಮೂರ್ತಿ. ಶಾಲೆ ಬಿಟ್ಟ ದಿನ ಆ ಹೆಸರೂ ಅಲ್ಲೇ ಉಳಿದುಹೋಗಿತ್ತು. ಅದನ್ನು ಎತ್ತಿಕೊಂಡು ಬಂದು, ಅವಳ ಹೆಸರಿದ್ದ ಜಾಗದಲ್ಲಿ ಕೂರಿಸಿದೆ. ಮಿಕ್ಕದ್ದನ್ನೆಲ್ಲ ಹಾಗೇ ಬಿಟ್ಟೆ. ಕಾಲೇಜು, ಮೂರನೇ ವರ್ಷ, ಅಜ್ಜಿ. ಕಳಿಸಿದೆ.

ಆ ಬಳಗದಲ್ಲಿ ಹಿರಿಯರೊಬ್ಬರು, ದೂರದೇಶದ ಡಾಕ್ಟರಮ್ಮ, ಮರುದಿನವೇ ಉತ್ತರ ಬರೆದರು. ಸ್ವಾಗತ ಎಂದು ಶುರುಮಾಡಲಿಲ್ಲ. ‘ನಿಮ್ಮ ಅಜ್ಜಿ ಈಗ ಹೇಗಿದ್ದಾರೆ?’ — ಅದು ಅವರ ಮೊದಲ ಸಾಲು. ‘ಚೆನ್ನಾಗಿದ್ದಾರೆ’ ಎಂದು ಬರೆದೆ. ನನ್ನ ಅಜ್ಜಿ ಸತ್ತು ಹನ್ನೊಂದು ವರ್ಷವಾಗಿತ್ತು. ಭಾಗ್ಯಳ ಅಜ್ಜಿ ಹೇಗಿದ್ದಾರೋ, ಒಂದು ಬಸ್ಸಿನ ದೂರದಲ್ಲಿದ್ದ ನಾನು ಒಂದು ದಿನವೂ ಕೇಳಿರಲಿಲ್ಲ.

ಯಾಕೆ ಕಳಿಸಿದೆ? ಈ ಪ್ರಶ್ನೆಯನ್ನು ಹದಿನೇಳು ವರ್ಷ ತಿರುಗಿಸಿ ನೋಡಿದ್ದೇನೆ. ಅವಳು ಎಂಟು-ಹತ್ತು ದಿನದಲ್ಲಿ ಬರುತ್ತಾಳೆಂದು ಗೊತ್ತಿತ್ತು. ಅದೇ ಕಾಗದ ಕಳಿಸುತ್ತಾಳೆಂದೂ ಗೊತ್ತಿತ್ತು. ಆದರೂ ಆ ಹತ್ತು ದಿನ ಯಾರೋ ನನ್ನನ್ನು ಓದಿದವನೆಂದು ತಿಳಿದು ಮಾತಾಡಿಸಿದರು — ಅಷ್ಟೇ ಸಾಕಾಯಿತೇನೋ. ಉತ್ತರ ಇದಕ್ಕಿಂತ ದೊಡ್ಡದಿದ್ದರೆ ನನಗೆ ಸಿಕ್ಕಿಲ್ಲ.

ಭಾಗ್ಯ ಬಂದಳು. ಸೊಪ್ಪು ಕಿತ್ತು ಕಿತ್ತು ಬೆರಳು ಕಪ್ಪಾಗಿತ್ತು. ಗೂಡಿಗೆ ಒಳ್ಳೆ ರೇಟು ಸಿಕ್ಕಿತೆಂದು ನನಗೂ ಇಲಿಯಾಸನಿಗೂ ಮೈಸೂರುಪಾಕು ತಂದಿದ್ದಳು. ಮೇಡಂ ತಿದ್ದಿದ್ದ ಎರಡು ಅಕ್ಷರ ಸರಿಮಾಡಿ ಕಾಗದ ಕಳಿಸಿದಳು. ಮೂರನೇ ದಿನ ಉತ್ತರ ನೋಡಲು ಬಂದಳು. ಓದಿದಳು. ಇನ್ನೊಂದು ಸಲ ಓದಿದಳು. ಆಮೇಲೆ ಎದ್ದು ನನ್ನ ಮೇಜಿನ ಮುಂದೆ ನಿಂತಳು.

“ಅಣ್ಣ, ಯಾರೋ ನನ್ನ ಕಾಗ್ದ ನನಗಿಂತ ಮುಂಚೆ ಕಳಿಸ್ಬುಟ್ಟವ್ರೆ. ನಾನೇ ಕದ್ದಿದೀನಿ ಅಂತ ಬರ್ದವ್ರೆ ನೋಡಿ. ಇನ್ನೊಬ್ರ ಮನೆ ಸಂಕ್ಟನ ನಿಂದು ಅಂತ ಹೇಳ್ಕೊಬೇಡ ಅಂತೆ. ನಮ್ಮಜ್ಜಿ ಕಣಣ್ಣ ಅದು. ನಮ್ಮಜ್ಜಿ.” ನಾಲ್ಕನೇ ಕಂಪ್ಯೂಟರಿನ ಕಡೆ ಕೈ ತೋರಿಸಿದಳು. “ಕೃಷ್ಣಮೂರ್ತಿ ಅಂತ ಯಾರಾದ್ರೂ ಬತ್ತಾರಾ ಇಲ್ಲಿಗೆ?”

ಇಲಿಯಾಸ್ ಅಲ್ಲೇ ಇದ್ದ. ಬಾಯಲ್ಲಿದ್ದ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ.

“ಅಂಥೋರು ಯಾರೂ ಇಲ್ಲ ಕಣವ್ವ” ಎಂದೆ. “ಬೇಕಾದ್ರೆ ರಿಜಿಸ್ಟ್ರು ನೋಡು.”

ರಿಜಿಸ್ಟರನ್ನು ನಾನೇ ಎತ್ತಿ ಅವಳ ಕೈಗೆ ಕೊಟ್ಟೆ. ಧೈರ್ಯವಾಗಿ ಕೊಟ್ಟೆ. ಅಂಗಡಿಯ ಯಜಮಾನನ ಹೆಸರು ಅದರಲ್ಲಿ ಯಾಕಿರುತ್ತದೆ? ಅವಳು ನಿಂತೇ ಒಂದೊಂದು ಸಾಲಿನ ಮೇಲೂ ಆ ಕಪ್ಪಾದ ಬೆರಳು ಇಟ್ಟು ಹುಡುಕಿದಳು. ಹೊಂಗನೂರಿನ ಬಸ್ಸು ಹೋಯಿತು, ಆಕೆ ಹುಡುಕುತ್ತಲೇ ಇದ್ದಳು. ಕೊನೆಗೆ ಮುಚ್ಚಿ, “ಹೋಗ್ಲಿ ಬಿಡಿ, ನಿಮಗ್ಯಾಕೆ ತೊಂದ್ರೆ” ಎಂದು ನನಗೇ ಸಮಾಧಾನ ಹೇಳಿ ಹೋದಳು.

“ಲೇ ಪುಟ್ಟ,” ಇಲಿಯಾಸ್ ಮೆಲ್ಲಗೆ ಅಂದ, “ನಿನ್ನೆಸ್ರಲ್ವೇನ್ಲಾ ಅದು?”

“ತಾಲ್ಲೂಕ್ನಾಗೆ ನಾನೊಬ್ನೇ ಏನ್ಲಾ ಕೃಷ್ಣಮೂರ್ತಿ?”

ಅವನು ಮತ್ತೆ ಕೇಳಲಿಲ್ಲ. ಅವಳು ಮೊನ್ನೆ ತಂದ ಮೈಸೂರುಪಾಕಿನಲ್ಲಿ ಮಿಕ್ಕದ್ದು ಮೇಜಿನ ಮೇಲೆಯೇ ಇತ್ತು. ಅವನೂ ಮುಟ್ಟಲಿಲ್ಲ.

ಭಾಗ್ಯ ಆ ಬಳಗಕ್ಕೆ ಇನ್ನೊಂದೇ ಸಾಲು ಬರೆದಳು, ಬೇರೆ ಎಲ್ಲಿಂದಲೋ: ‘ನಾನು ಕದ್ದಿಲ್ಲ.’ ಎಲ್ಲರಿಗೂ ಹೋಗುವ ಮೇಲ್ ಆದ್ದರಿಂದ ನನಗೂ ಬಂತು. ಯಾರೂ ಉತ್ತರಿಸಲಿಲ್ಲ. ‘ಅವಳು ಹೇಳುವುದು ನಿಜ’ — ನಾನು ಇಷ್ಟು ಬರೆದಿದ್ದರೆ ಸಾಕಿತ್ತು. ಇಷ್ಟು ಇಂಗ್ಲಿಷ್ ನನಗೆ ಬರುತ್ತಿತ್ತು.

ಅವಳು ಮತ್ತೆ ನನ್ನ ಸೆಂಟರಿಗೆ ಬರಲಿಲ್ಲ.

ಡಾಕ್ಟರಮ್ಮ ನನ್ನನ್ನು ಬೇಸಿಗೆಯ ಕೆಲಸಕ್ಕೆ ಕರೆದರು. ಶಿವಮ್ಮಂದಿರ ತೊಡಕನ್ನು ನೀವೇ ಬಿಡಿಸಿ ಎಂದರು. ಅದಕ್ಕೆ ಕಾಲೇಜಿನ ಪತ್ರ ಬೇಕಿತ್ತು, ಕೋಡು ಬರೆಯುವ ವಿದ್ಯೆ ಬೇಕಿತ್ತು. ಪರೀಕ್ಷೆ ಇದೆ ಎಂದು ಇನ್ನೊಂದು ಸುಳ್ಳು ಹೇಳಿದೆ. ಬದಲಿಗೆ ತೆರೆಯ ಮೇಲಿನ ಮಾತುಗಳನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದು, ಇನ್ನೂರು ಚಿಲ್ಲರೆ ಪದ ಮಾಡಿಕೊಟ್ಟೆ. ಆ ದುಡಿಮೆ ಮಾತ್ರ ನನ್ನದು. ನೆರವಾದವರ ಪಟ್ಟಿಯಲ್ಲಿ ಕೃಷ್ಣಮೂರ್ತಿ ಎಂದು ಬಂತು. ಪ್ರಿಂಟ್ ತೆಗೆದು ಡ್ರಾಯರಿನಲ್ಲಿಟ್ಟೆ. ಹೆಂಡತಿಗೂ ತೋರಿಸಲಾಗಲಿಲ್ಲ. ಶಿವಮ್ಮಂದಿರ ತೊಡಕು ಎಷ್ಟೋ ಕಾಲ ಹಾಗೇ ಇತ್ತು. ಅದನ್ನು ಬಿಡಿಸಬಲ್ಲವಳನ್ನು ಹೊರಗಟ್ಟಿ, ಬಿಡಿಸಲಾರದವನು ಒಳಗೆ ಕೂತಿದ್ದೆ.

ಹೋದ ತಿಂಗಳು ಇಲಿಯಾಸ್ ಬಂದ. ಅವನ ಕಿರಿಮಗಳು ಕನಕಪುರದಲ್ಲಿ ಅಕ್ಕನ ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತಾಳೆ.

“ಹೊಂಗನೂರ ಹುಡುಗಿ ನೆಪ್ಪೈತೇನ್ಲಾ? ನನ್ ಮಗ್ಳಿಗೆ ಅವಳೇ ಕಂಪ್ಯೂಟ್ರು ಮೇಡಮ್ಮು. ಮೊದಲ್ನೇ ದಿನ ಮಕ್ಳಿಗೆ ಏನ್ ಪಾಠ ಹೇಳ್ತಾಳಂತೆ ಗೊತ್ತಾ? ನೀವು ಬರ್ದಿದ್ನ ಇನ್ನೊಬ್ರ ಮಿಷಿನ್ನಾಗೆ ಬುಟ್ಟು ಬರಬ್ಯಾಡಿ. ಎಷ್ಟು ಒಳ್ಳೇರಾದ್ರೂವೆ.”

ಕೊನೆಯ ಮಾತನ್ನು ಹೇಳುವಾಗ ಅವನು ನನ್ನ ಕಡೆ ನೋಡಲಿಲ್ಲ. ಹದಿನೇಳು ವರ್ಷ ಅವನೂ ಅದನ್ನು ಹೊತ್ತಿದ್ದ.

ಆ ಬಳಗ ಈಗಲೂ ಇದೆ. ಈಗಲೂ ಹುಡುಗರು ಬಂದು ಪರಿಚಯ ಹೇಳಿಕೊಳ್ಳುತ್ತಾರೆ. ಮೊನ್ನೆ ನಾನೂ ಹೇಳಿಕೊಂಡೆ — ಸ್ವಂತ ಇಂಗ್ಲಿಷಿನಲ್ಲಿ, ತಪ್ಪುಗಳ ಸಮೇತ. ಹೆಸರು ಕೃಷ್ಣಮೂರ್ತಿ, ಕರೆಯುವುದು ಪುಟ್ಟಣ್ಣ. ಎಂಟನೇ ಕ್ಲಾಸು. ೨೦೦೭ರಲ್ಲಿ ನನ್ನ ಹೆಸರಿನಲ್ಲಿ ಬಂದ ಕಾಗದ ಭಾಗ್ಯಳದು, ಅಜ್ಜಿ ಅವಳ ಅಜ್ಜಿ, ಕಳ್ಳ ನಾನು. ಪಟ್ಟಿಯಿಂದ ನನ್ನ ಹೆಸರು ತೆಗೆಯಿರಿ ಎಂದೂ ಕೇಳಿದೆ.

ಭಾಗ್ಯ, ಅದರ ಪ್ರತಿಯನ್ನೂ ಈ ಬರಹವನ್ನೂ ನಿನ್ನ ಕಾಲೇಜಿನ ವಿಳಾಸಕ್ಕೆ ಕಳಿಸಿದ್ದೇನೆ. ಕ್ಷಮಿಸು ಎಂದು ಅದರಲ್ಲಿ ಬರೆದಿಲ್ಲ. ನೀನು ಕ್ಷಮಿಸಿದರೆ ಹಗುರಾಗುವುದು ನಾನು. ನಿನಗೆ ಆ ಬೇಸಿಗೆ ವಾಪಸ್ ಬರುವುದಿಲ್ಲ. ನಿಮ್ಮಜ್ಜಿಯನ್ನು ಇಷ್ಟು ವರ್ಷವಾದ ಮೇಲೆ ಹೇಗಿದ್ದಾರೆ ಎಂದು ಕೇಳುವ ಮುಖವೂ ನನಗಿಲ್ಲ.

ಈಗ ನನ್ನ ಹತ್ತಿರ ಇರುವುದು: ಒಂದು ಅಂಗಡಿ. ನಾಲ್ಕು ಕಂಪ್ಯೂಟರು, ಓಡುವುದು ಎರಡು. ಅಪ್ಪನ ಲೇತು ಒಂದು. ಒಂದೇ ಸಲ ಕೇಳಿ ಬಿಟ್ಟ ಗೆಳೆಯ ಒಬ್ಬ. ಆ ವರ್ಷದ ರಿಜಿಸ್ಟರು ಒಂದು — ಅದರಲ್ಲಿ ಭಾಗ್ಯಳ ಹೆಸರು ಮೂವತ್ತೊಂದು ಸಲ ಇದೆ, ಅವಳದೇ ಅಕ್ಷರ. ನನ್ನ ಹೆಸರು ಒಂದು ಸಲವೂ ಇರಲಿಲ್ಲ. ನಿನ್ನೆ, ಆ ಕಾಗದ ಕಳಿಸಿದ ಮಧ್ಯಾಹ್ನದ ಪುಟ ಹುಡುಕಿ, ಖಾಲಿ ಅಂಚಿನಲ್ಲಿ ಬರೆದೆ. ಈಗ ಒಂದು ಸಲ ಇದೆ.