ಬೆಲ್ಲ ಎಲ್ಲೈತಿ, ಮಾಸ್ತರ?

ಮುನ್ಷಿ ಸಾಹೇಬರ ಬಲಗೈ ತೋರುಬೆರಳಿನ ಉಗುರು ಸದಾ ನೀಲಿ. ಶಾಯಿ ಆ ಉಗುರಿನ ಸಂದಿಗೆ ಇಳಿದು ಎಷ್ಟು ವರ್ಷವಾಗಿತ್ತೋ, ತಿಕ್ಕಿ ತೊಳೆದರೂ ಹೋಗುತ್ತಿರಲಿಲ್ಲ. ಆ ಉಗುರನ್ನು ಒಂದು ಇಂಗ್ಲಿಷ್ ಶಬ್ದದ ಕೆಳಗೆ ಇಟ್ಟರೆಂದರೆ, ನಾನು ಅರ್ಥ ಹೇಳುವ ತನಕ ಅದು ಅಲ್ಲಿಂದ ಕದಲುತ್ತಿರಲಿಲ್ಲ. ನನ್ನ ಅಂಗೈ ಬೆವರುತ್ತಿತ್ತು. ಆಗ ನನಗೆ ಇಪ್ಪತ್ತೆರಡು ವರ್ಷ, ಮೇಲಾಗಿ ನಾನೇ ಒಬ್ಬ ಮಾಸ್ತರ.

ಅವರು ವಿಜಾಪುರದ ಕಚೇರಿಯ ಎದುರು ಬೇವಿನ ಗಿಡದ ಕೆಳಗೆ ಕುಳಿತು ಮಂದಿಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆದು ಕೊಡುತ್ತಿದ್ದರು. ನಾನು ತಿಕೋಟಾದ ಕನ್ನಡ ಸಾಲಿಯಲ್ಲಿ ಕಲಿಸುತ್ತಿದ್ದೆ. ಕನ್ನಡ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದೆ, ಅಷ್ಟೇ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರ ಬರುತ್ತಿದ್ದವು. ಅವು ಸೇರಿ ವಾಕ್ಯವಾದರೆ ನನಗೆ ಕಣ್ಣು ಕಟ್ಟಿದಂತಾಗುತ್ತಿತ್ತು. ಆದರೆ ಮಾಸ್ತರ ಎಂದ ಮೇಲೆ ಎಲ್ಲ ಬರುತ್ತದೆ ಎಂದು ಊರು ತಿಳಿದಿತ್ತು, ಬರುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ಯುದ್ಧದ ಕಾಲ. ನಮ್ಮ ಕಡೆಯ ಕೆಲವರು ಪಲ್ಟನ್ನಿಗೆ ಸೇರಿದ್ದರು. ತಾರು, ಅಂದರೆ ತಂತಿ, ಬಂತೆಂದರೆ ಸಾವಿನ ಸುದ್ದಿಯೇ ಎಂದು ಎಲ್ಲರೂ ನಂಬಿದ್ದರು. ತಾರಿನವ ಓಣಿಗೆ ಕಾಲಿಟ್ಟರೆ ಹೆಂಗಸರು ಒಲೆ ಆರಿಸಿ ಹೊರಗೆ ಬಂದು ನಿಲ್ಲುತ್ತಿದ್ದರು. ಒಂದು ದಿನ ಸಿಪಾಯಿಯೊಬ್ಬನ ಮನೆಗೆ ತಾರು ಬಂತು. ಅವನ ಅವ್ವ ಅದನ್ನು ನೇರ ಸಾಲಿಗೆ ತಂದು ನನ್ನ ಕೈಗಿಟ್ಟಳು. ಹಿಂದೆ ಸೊಸೆ ನಿಂತಿದ್ದಳು. ಕಾಗದ ನೋಡಿದೆ, ಏನೂ ತಿಳಿಯಲಿಲ್ಲ. ತಾರೆಂದರೆ ಇನ್ನೇನು ಇದ್ದೀತು ಎಂದುಕೊಂಡು ತಲೆ ತಗ್ಗಿಸಿ, ಹೋದ ಎಂದುಬಿಟ್ಟೆ.

ಆ ಸಂಜೆಯೇ ಸೊಸೆಯ ಬಳೆ ಒಡೆದರು. ನಾಲ್ಕನೆಯ ದಿನ ಇದ್ದಿಲು ಸುಟ್ಟು ಓಡುವ ಮೋಟಾರಿನಿಂದ ಆ ಸಿಪಾಯಿ ಟ್ರಂಕು ಹಿಡಿದು ಇಳಿದ. ರಜೆಯ ಮೇಲೆ ಬರುತ್ತೇನೆ ಎಂದು ಅವನೇ ತಾರು ಕೊಟ್ಟಿದ್ದ.

ಊರು ನನ್ನನ್ನು ಹೊಡೆದಿದ್ದರೆ ಹಗುರಾಗುತ್ತಿತ್ತು. ಯಾರೂ ಹೊಡೆಯಲಿಲ್ಲ. ಮುದುಕಿ ತಾರನ್ನು ನನಗೇ ತಿರುಗಿ ಕೊಟ್ಟು ಹೇಳಿದಳು: "ಮಾಸ್ತರ, ಗೊತ್ತಿಲ್ಲ ಅಂದಿದ್ರ ನಾವು ವಿಜಾಪುರಕ್ಕ ಓಡಿಹೋಗಿ ಓದಿಸಿಕೊಂಡು ಬರ್ತಿದ್ದಿವಲ್ರಿ." ಬಳೆಗಾರನನ್ನು ಕರೆಸಿ ಸೊಸೆಗೆ ಮತ್ತೆ ಬಳೆ ತೊಡಿಸಿದರು. ಆಕೆ ಮಾತ್ರ ಮುಂದೆಂದೂ ನನ್ನತ್ತ ಕಣ್ಣೆತ್ತಲಿಲ್ಲ.

ಮರುದಿನ ರವಿವಾರ. ಬೆಳಕು ಹರಿಯುವ ಮೊದಲೇ ತಿಕೋಟಾ ಬಿಟ್ಟು, ತೊರವಿ ದಾಟಿ, ಈಗಿನ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿದ್ದ ಮುನ್ಷಿ ಸಾಹೇಬರ ಮನೆಯ ಬಾಗಿಲಿಗೆ ಹೋಗಿ ನಿಂತೆ. ನಡೆದದ್ದನ್ನೆಲ್ಲ ಹೇಳಿದೆ. ನಗುತ್ತಾರೆ ಇಲ್ಲವೆ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಆ ತಾರು ಎಲ್ಲಿದೆ ಎಂದಷ್ಟೇ ಕೇಳಿದರು. ಕಿಸೆಯಿಂದ ತೆಗೆದು ಕೊಟ್ಟೆ. ಅದನ್ನೇ ಚಾಪೆಯ ಮೇಲೆ ಹಾಸಿ, ಒಳಗಿನಿಂದ ಒಂದು ತಗಡಿನ ಡಬ್ಬಿ ತರಿಸಿದರು. ಅದರಲ್ಲಿ ಶೇಂಗಾ, ಪುಟಾಣಿ ಎಂಬ ಹುರಿಗಡಲೆ, ಬೆಲ್ಲದ ಚೂರು ಇದ್ದವು.

ಅದೇ ಅವರ ವ್ಯಾಕರಣ. ಮಾಡಿದವನ ಮೇಲೆ ಶೇಂಗಾ, ಮಾಡಿದ ಕೆಲಸದ ಮೇಲೆ ಬೆಲ್ಲ, ಉಳಿದುದರ ಮೇಲೆ ಪುಟಾಣಿ. ಸರಿಯಾಗಿ ಇಟ್ಟರೆ ಬೆಲ್ಲ ನನ್ನ ಬಾಯಿಗೆ, ತಪ್ಪಿದರೆ ಅವರ ಬಾಯಿಗೆ. "ನಮ್ಮ ಮಾತಿನ್ಯಾಗ ಬೆಲ್ಲ ಕಡೀಗೆ ಬರ್ತೈತ್ರಿ" ಎನ್ನುತ್ತಿದ್ದರು. "ಇಂಗ್ಲಿಷಿನವಗ ಅಷ್ಟು ತಾಳ್ಮಿ ಇಲ್ಲ. ಮಾಡಿದಾವನ ಬೆನ್ನಿಗೇ ಬೆಲ್ಲ ಇಟ್ಟುಬಿಡ್ತಾನ." ತಾರೆಂದರೆ ಅರ್ಧ ನುಂಗಿದ ಮಾತು, ಮೊದಲು ಪೂರ್ತಿ ಮಾತು ಕಲಿಯಬೇಕು ಎಂದರು. ನಾನು ಗುಡ್ಡದಷ್ಟು ಶಬ್ದ ಉರುಹೊಡೆದು ಹೋದರೂ ಅವರ ಪ್ರಶ್ನೆ ಒಂದೇ: "ಬೆಲ್ಲ ಎಲ್ಲೈತಿ, ಮಾಸ್ತರ?" ನನಗೆ ಗೊತ್ತಿರದಿದ್ದರೂ ಏನೋ ಒಂದು ಊಹಿಸಿ ಹೇಳುವ ಹಾಳು ಚಟ ಇತ್ತು. ಆಗ ಮಾತ್ರ ಅವರ ದನಿ ಗಡುಸಾಗುತ್ತಿತ್ತು. "ಬರದಷ್ಟ ಓದ್ರಿ. ಬರೀದಿದ್ದದ್ದು ಓದಬ್ಯಾಡ್ರಿ."

ಎರಡು ವರ್ಷ ಹೀಗೆ ರವಿವಾರಗಳು ಕಳೆದವು. ನಡುವೆ ನನಗೆ ಬಬಲೇಶ್ವರಕ್ಕೆ ವರ್ಗವಾಯಿತು. ಅಲ್ಲಿ ಮೊದಲ ವಾರವೇ ಯಾರೋ ಒಂದು ತಾರು ತಂದರು. ತಾರಿನ ಶಬ್ದಗಳ ಮೇಲೆ ಶೇಂಗಾ ಇಟ್ಟು ಅರ್ಥ ಬಿಡಿಸುತ್ತ ಕುಳಿತ ನನ್ನನ್ನು ಕಂಡು ಅವರಿಗೆ ನನ್ನ ತಲೆಯ ಬಗ್ಗೆಯೇ ಸಂಶಯ ಬಂದಿರಬೇಕು. ಆದರೆ ಓದಿದ್ದು ಸರಿಯಾಗಿತ್ತು.

ಸಾಹೇಬರು ಕೊಡುತ್ತಿದ್ದ ವಾಕ್ಯಗಳಲ್ಲಿ ಮಾಡುವವನು ಒಬ್ಬನೇ. ಮೈ ಸನ್ ರೋಟ್ ಎ ಲೆಟರ್. ಮೈ ಸನ್ ಏಟ್ ಮ್ಯಾಂಗೋಸ್. ಮುದುಕರಿಗೆ ಬೇರೆ ವಾಕ್ಯ ಹೊಳೆಯುವುದಿಲ್ಲ ಎಂದು ನಾನು ಒಳಗೊಳಗೇ ನಗುತ್ತಿದ್ದೆ. ಅವರ ಒಬ್ಬನೇ ಮಗ ಪಲ್ಟನ್ನಿನಲ್ಲಿ ಕಾರಕೂನನಾಗಿ ಬರ್ಮಾದ ಕಡೆ ಹೋಗಿದ್ದಾನೆ, ಏಳು ತಿಂಗಳಿಂದ ಅವನ ಪತ್ರವಿಲ್ಲ ಎಂಬುದು ಅವರ ಬಾಯಿಂದ ಒಮ್ಮೆಯೂ ಬರಲಿಲ್ಲ.

ಅದು ತಿಳಿದದ್ದು ಒಂದು ರವಿವಾರ. ನಾನು ಹೋದಾಗ ಸಾಹೇಬರು ಚಾಪೆಯ ಮೇಲೆ ಕುಳಿತಿದ್ದರು. ಮುಂದೆ ಒಡೆಯದ ತಾರು. ಹಿಂದಿನ ದಿನವೇ ಬಂದದ್ದು. ಊರಿನ ನೂರಾರು ತಾರು ಓದಿದ ಮನುಷ್ಯ ಅದನ್ನು ಇಡೀ ಒಂದು ದಿನ ಮುಟ್ಟದೆ ಕುಳಿತಿದ್ದರು. "ಮಗಂದು ಇರಬೇಕ್ರಿ" ಎಂದರು. "ನನ್ನ ಕಡೆಯಿಂದ ಆಗೂದಿಲ್ಲ. ನೀವು ಓದ್ರಿ."

ಒಡೆದೆ. ಮೊದಲ ಶಬ್ದ ರಿಗ್ರೆಟ್. ತಿಕೋಟಾದಲ್ಲಿ ಆಡಿದ್ದ ಅದೇ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಒಳಗಿನ ಪರದೆಯ ಹಿಂದೆ ಬಳೆಗಳ ಸದ್ದು ಒಮ್ಮೆಲೇ ನಿಂತಿತು, ಅವರ ಮನೆಯವರು, ಆ ಮಗನ ತಾಯಿ, ಅಲ್ಲಿದ್ದರು. ಸಾಹೇಬರು ನೀಲಿ ಉಗುರನ್ನು ಆ ಮೊದಲ ಶಬ್ದದ ಕೆಳಗೆ ಇಟ್ಟರು, ಕಣ್ಣು ಮಾತ್ರ ಬೇರೆ ಕಡೆ. ನಾನು ಒಂದೊಂದೇ ಶಬ್ದ ದಾಟುತ್ತ ಹೋದೆ. ಉಗುರು ಸರಿಯುತ್ತ ಬಂತು. ಕೊನೆಗೆ ಕನ್ನಡದಲ್ಲಿ ಹೇಳಿದೆ: ನಿಮ್ಮ ಮಗ ಕಾಣೆಯಾಗಿದ್ದಾನೆಂದು ತಿಳಿಸಲು ವಿಷಾದವಾಗುತ್ತದೆ, ಮುಂದಿನ ಸುದ್ದಿ ಬಂದ ಕೂಡಲೇ ತಿಳಿಸುತ್ತೇವೆ.

ಪರದೆಯ ಹಿಂದೆ ಅಳು ಎದ್ದಿತು. ಸಾಹೇಬರು ಎದ್ದು ಅಲ್ಲಿಗೆ ಹೋಗಿ ನಿಂತರು. "ಸತ್ತಾನ ಅಂತ ಬರದಿಲ್ಲ" ಎಂದರು. "ಬರದಷ್ಟ ಓದ್ಯಾರ ಮಾಸ್ತರು. ನಾವೂ ಅಷ್ಟ ಕೇಳೂಣು." ಅಂದು ಯಾರ ಬಳೆಯೂ ಒಡೆಯಲಿಲ್ಲ.

ಆಮೇಲೂ ಪಾಠ ನಡೆಯಿತು. ನನ್ನ ಬೆಲ್ಲ ನನಗೆ ತಪ್ಪಲಿಲ್ಲ. ಆದರೆ ಅವರು ಮತ್ತೆಂದೂ ಬೆಲ್ಲ ಬಾಯಿಗೆ ಹಾಕಿಕೊಂಡದ್ದನ್ನು ನಾನು ಕಾಣಲಿಲ್ಲ. ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂತು, ಮುಂದಿನ ಸುದ್ದಿ ಬರಲಿಲ್ಲ.

ಅವರ ಸುದ್ದಿ ನನಗೆ ಬಬಲೇಶ್ವರದಲ್ಲಿ ಕನ್ನಡದ ಕಾರ್ಡಿನಲ್ಲಿ ಬಂತು. ಮುನ್ಷಿ ಸಾಹೇಬರು ಶುಕ್ರವಾರ ನಮಾಜು ಮುಗಿಸಿ ಮನೆಗೆ ಬಂದು ನೀರು ಕುಡಿದು ಮಲಗಿದಲ್ಲೇ ಎಂದು ಶುರುವಾಗಿದ್ದ ಆ ಸಾಲಿನ ಕೊನೆಯ ಶಬ್ದದ ತನಕ ಉಸಿರು ಹಿಡಿದು ಓದಿದೆ. ಬೆಲ್ಲ ಕಡೆಗೇ ಇತ್ತು: ತೀರಿಕೊಂಡರು. ಅಷ್ಟು ದೊಡ್ಡವನಾಗಿ ಸಾಲಿಯ ಪಡಸಾಲೆಯಲ್ಲಿ ಕುಳಿತು ಅತ್ತೆ.

ನಾನು ವಿಜಾಪುರಕ್ಕೆ ಮಾತನಾಡಿಸಲು ಹೋದಾಗ ಅವರ ಮನೆಯವರು ಟ್ರಂಕಿನಿಂದ ಮಗನ ಆ ತಾರನ್ನು ತೆಗೆದು ಕೊಟ್ಟರು. ಮಡಿಕೆಗಳಲ್ಲಿ ಹರಿದಿತ್ತು. ಇನ್ನೊಮ್ಮೆ ಓದಲು ಹೇಳಿದರು. ಇಷ್ಟು ವರ್ಷದ ಮೇಲೆ ಆ ತಾಯಿಗೆ ಏನಾದರೂ ಒಂದು ಸಮಾಧಾನ ಸೇರಿಸಿ ಓದಲೇ ಎಂದು ನನ್ನ ಕೆಟ್ಟ ಚಟ ಮತ್ತೆ ತಲೆ ಎತ್ತಿತು. ಬರೆದಷ್ಟೇ ಓದಿದೆ.

ಅವರು ಕೇಳಿ, ತಾರನ್ನು ನನ್ನ ಕೈಯಿಂದ ತೆಗೆದುಕೊಂಡರು. "ಮತ್ತ, ಅವ ಬರ್ತಾನೇನ್ರಿ ಮಾಸ್ತರ?" ಎಂದರು.

"ನನಗ ಗೊತ್ತಿಲ್ರಿ" ಎಂದೆ.

ತಿಕೋಟಾದಲ್ಲಿ ಹೇಳಬೇಕಾಗಿದ್ದ ಆ ಮಾತನ್ನು ಕಲಿಯಲು ನನಗೆ ಅಷ್ಟು ವರ್ಷ, ಅಂಥ ಒಬ್ಬ ಗುರು ಬೇಕಾಯಿತು. ಅವರು ತಾರನ್ನು ಮಡಚಿ ಟ್ರಂಕಿನಲ್ಲಿಟ್ಟು, ನನಗೆ ಚಹಾ ಮಾಡಲು ಒಳಗೆ ಹೋದರು. ಈ ಸಲ ಒಳಗಿನಿಂದ ಬಳೆಗಳ ಸದ್ದು ಕೇಳಲಿಲ್ಲ.