ಕರೆಂಟ್ ಹೋದರೂ ಉಳಿದ ಪುಟ

“ಕರೆಂಟ್ ಆವಾಗ್ಲೇ ಹೋಯ್ತಲ್ಲಮ್ಮಾ, ಇನ್ನೂ ಏನು ನೋಡ್ತಾ ಕೂತಿದ್ದೀ? ಸುಮ್ನೆ ಕೂರೋ ಬದಲು ಈ ವಡಾಂ ಎತ್ತಬಾರ್ದಾ?”

ತಾರಸಿಯಲ್ಲಿ ಒಣಹಾಕಿದ್ದ ಸಂಡಿಗೆ ತೆಗೆಯಲು ಬಂದಿದ್ದ ಮನೆಯೊಡತಿ ಮಾಮಿಯ ಮಾತಿಗೆ ಬೆಚ್ಚಿಬಿದ್ದೆ. ಅಂದು ನನ್ನ ಹುಟ್ಟುಹಬ್ಬ. ಮೊಬೈಲ್ ರಿಪೇರಿಗೆ ಹೋಗಿತ್ತು. ಲ್ಯಾಪ್‌ಟಾಪ್ ಪರದೆ ನೋಡಿದರೆ ಕಣ್ಣುರಿಯುತ್ತದೆಂದು ಅದನ್ನು ಕೆಳಗೆ ಕೋಣೆಯಲ್ಲೇ ಬಿಟ್ಟು, ಅದರಲ್ಲಿ ಕಾಣುವುದನ್ನೆಲ್ಲ ವೈಫೈ ಮೂಲಕ ನನ್ನ ಇ-ರೀಡರಿನಲ್ಲಿ ನೋಡುವಂತೆ ಮಾಡಿಕೊಂಡಿದ್ದೆ. ಅಣ್ಣಾ ನಗರದ ಆ ಬಿಸಿಲಿನಲ್ಲಿ ಬೆಳಗಿನಿಂದ ನೋಡುತ್ತಿದ್ದುದು ಸಂದೇಶಗಳ ಪುಟವನ್ನು. ಒಂದೂ ಬಂದಿರಲಿಲ್ಲ.

ಇ-ರೀಡರಿನಲ್ಲಿ ಸಂಪರ್ಕ ಕಡಿದರೂ ಕೊನೆಯ ಪುಟ ಅಚ್ಚಾದ ಕಾಗದದಂತೆ ಹಾಗೇ ನಿಂತಿರುತ್ತದೆ. ಕರೆಂಟ್ ಹೋದಾಗ ವೈಫೈಯೂ ಹೋಗಿದೆ; ಹಾಗಾದರೆ ಸಂದೇಶಗಳು ಬಂದಿರಬಹುದು, ನನಗೆ ಕಂಡಿಲ್ಲ ಅಷ್ಟೇ ಎಂದುಕೊಂಡೆ. ಎದ್ದು ಮಾಮಿಯ ಜೊತೆ ಸಂಡಿಗೆ ತೆಗೆಯತೊಡಗಿದೆ.

“ಈಗ ನೋಡು, ಮುಖದಲ್ಲಿ ಕಳೆ ಬಂತು,” ಎಂದರು ಮಾಮಿ.

ಕೊನೆಗೆ ಕರೆಂಟ್ ಬಂತು. ಪರದೆ ಒಮ್ಮೆ ಕಪ್ಪಾಗಿ ಮಿಟುಕಿ, ಮತ್ತೆ ಅದೇ ಪುಟವನ್ನು ತೋರಿಸಿತು.

ಆ ದಿನದ ಡೈರಿಯಲ್ಲಿ ಶುಭಾಶಯಗಳ ಲೆಕ್ಕಕ್ಕೆ ಸೊನ್ನೆ ಬರೆದಿದ್ದೇನೆ. ಆದರೆ ಕರೆಂಟಿಲ್ಲದ ಆ ಸ್ವಲ್ಪ ಹೊತ್ತು ಎಲ್ಲರಿಗೂ ನನ್ನ ನೆನಪಿತ್ತು.